ಕಿವಿ ನೋವು ಅಂತ ಬಂದವರ ದವಡೆ

ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿವಮೊಗ್ಗದ ನನ್ನ ದಂತ ಕ್ಲಿನಿಕ್‌ಗೆ ಒಂದು ಬಗೆಯ ನೋವು ಜಾಸ್ತಿ ಬರುತ್ತದೆ. ಒಮ್ಮೆ ತೀರ್ಥಹಳ್ಳಿ ಕಡೆಯ ಒಬ್ಬ ಅಮ್ಮ ಬಂದಿದ್ದರು. ಒಂದು ತಿಂಗಳಿಂದ ಬಲಗಿವಿ ನೋವು. ಕಿವಿ ಡಾಕ್ಟರು ನೋಡಿ ಕಿವಿ ಚೆನ್ನಾಗಿದೆ ಎಂದಿದ್ದರು. ಇನ್ನೊಂದು ಕಡೆ ಹಲ್ಲಿನದೇ ನೋವು ಎಂದು ಒಂದು ಹಲ್ಲು ಕಿತ್ತೂ ಆಗಿತ್ತು. ನೋವು ಮಾತ್ರ ಹಾಗೇ ಇತ್ತು.

ಅವರ ಕೆನ್ನೆಯ ಮೇಲೆ ಬೆರಳಿಟ್ಟು, ಹಲ್ಲು ಕಚ್ಚಿ ಎಂದೆ. ಸ್ನಾಯು ಕಲ್ಲಿನ ಹಾಗೆ ಉಬ್ಬಿತು. ಅಲ್ಲೇ ಸ್ವಲ್ಪ ಒತ್ತಿದೆ. “ಅಯ್ಯೋ, ಇದೇ ನೋವು ಡಾಕ್ಟ್ರೇ!” ಅಂದರು. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕತ್ತು ಬಗ್ಗಿಸಿ ಅಡಿಕೆ ಸುಲಿಯುತ್ತಿದ್ದರಂತೆ. ಬಾಯಲ್ಲಿ ಎಲೆ-ಅಡಿಕೆಯ ಕವಳ. ಕವಳ ಇಲ್ಲದಾಗ ಹಲ್ಲು ಕಚ್ಚಿಕೊಂಡೇ ಕೆಲಸ.

ದವಡೆಯ ಕೀಲು ಇರುವುದು ಕಿವಿಯ ಮುಂದೆಯೇ. ಅಲ್ಲಿ ಬೆರಳಿಟ್ಟು ಬಾಯಿ ತೆರೆದರೆ ಅದು ಆಡುವುದು ಗೊತ್ತಾಗುತ್ತದೆ. ಎರಡು ಮೂಳೆಗಳ ನಡುವೆ ಮೆತ್ತೆಯಂಥ ಒಂದು ತಟ್ಟೆ ಇದೆ. ಅದು ಜಾಗ ತಪ್ಪಿ ಮತ್ತೆ ಕೂತಾಗ ‘ಕಟ್’ ಎಂದು ಸದ್ದಾಗುತ್ತದೆ. ನೋವಿಲ್ಲದೆ, ಬಾಯಿ ಚೆನ್ನಾಗಿ ತೆರೆಯುತ್ತಾ, ಬರೀ ಸದ್ದು ಇದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ನೋವಿದ್ದವರಲ್ಲೂ ಅನೇಕರಿಗೆ ತೊಂದರೆ ಕೊಡುವುದು ದಣಿದ ಸ್ನಾಯು. ಅದಕ್ಕೆ ಮೊದಲು ಬೇಕಾದದ್ದು ಬಿಡುವು.

ಸುಮ್ನೆ ಕೂತಾಗ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬಾರದು. ಎರಡು-ಮೂರು ಮಿಲಿಮೀಟರ್ ಜಾಗ ಇರಬೇಕು. ತುಟಿ ಮುಚ್ಚಿರಲಿ, ಹಲ್ಲು ತಾಗದಿರಲಿ. ಈಗ ಓದುತ್ತಿರುವಾಗ ನಿಮ್ಮ ಹಲ್ಲು ತಾಗಿಕೊಂಡಿವೆಯಾ, ಒಮ್ಮೆ ನೋಡಿಕೊಳ್ಳಿ.

ಆ ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ಎರಡು ವಾರ ಮೆತ್ತನೆ ಊಟ: ಗಂಜಿ, ಕಡುಬು, ಅನ್ನ-ಸಾರು. ಚಕ್ಕುಲಿ, ನಿಪ್ಪಟ್ಟು, ಕವಳ ಬೇಡ. ಆಕಳಿಕೆ ಬಂದರೆ ಗದ್ದಕ್ಕೆ ಕೈ ಆನಿಸಿ, ಬಾಯಿ ಪೂರ್ತಿ ತೆರೆಯಬೇಡಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಎರಡು ಸಲ, 15 ನಿಮಿಷ ಕೆನ್ನೆಗೆ ಇಡಿ. ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ಸುತ್ತಿ ಸುತ್ತಿ ಉಜ್ಜಿ. ಒಂದು ವ್ಯಾಯಾಮವನ್ನೂ ಮಾಡಿಸಿದೆ. ನಾಲಿಗೆ ತುದಿಯನ್ನು ಮೇಲಿನ ಮುಂದಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿಸಿ, ಅದು ಬಿಡದ ಹಾಗೆ ನಿಧಾನ ಬಾಯಿ ತೆರೆದು ಮುಚ್ಚುವುದು. ನೋವು ಮಾತ್ರೆ ಕೆಲವೇ ದಿನಕ್ಕೆ ಕೊಟ್ಟೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇದ್ದವರು ಅದನ್ನು ಅಂಗಡಿಯಿಂದ ತಾವೇ ತಂದು ನುಂಗಬಾರದು.

“ನೈಟ್ ಗಾರ್ಡ್ ಹಾಕಿಸಿಕೊಳ್ಳಲಾ?” ಎಂದು ತುಂಬಾ ಜನ ಕೇಳುತ್ತಾರೆ. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ ಅದು. ರಾತ್ರಿ ಹಲ್ಲು ಕಡಿಯುವವರ ಹಲ್ಲು ಸವೆಯದಂತೆ ಕಾಯುತ್ತದೆ. ಅದರಿಂದಲೇ ನೋವು ಹೋಗುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಬಹಳ ದಿನದ ದವಡೆ ನೋವಿನ ಬಗ್ಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಮಾರ್ಗಸೂಚಿ ಪ್ರಕಟಿಸಿತು. ಅದು ಮುಂದಿಟ್ಟದ್ದು ದವಡೆಯ ವ್ಯಾಯಾಮ, ಫಿಸಿಯೋಥೆರಪಿಯವರ ಕೈ ಚಿಕಿತ್ಸೆ, ಮನಸ್ಸಿನ ಒತ್ತಡ ಇಳಿಸುವ ಆಪ್ತ ಸಮಾಲೋಚನೆ ಇವುಗಳನ್ನು. ಹಲ್ಲನ್ನು ತೇಯ್ದು ಕಚ್ಚುವಿಕೆ ‘ಸರಿಮಾಡುವ’ ಕೆಲಸಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ವಿಷಯವನ್ನು ಬಿಟ್ಟು ಬರೆಯಲಾರೆ. ಬಾಯಿ ತೆರೆಯಲಾಗದವರಿಗೆಲ್ಲ ಕೀಲಿನ ತೊಂದರೆಯೇ ಇರುವುದಿಲ್ಲ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ, ಜೊತೆಗೆ ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡು ಹಗ್ಗದಂಥ ಗಟ್ಟಿ ಪಟ್ಟಿ ಸಿಕ್ಕರೆ, ಅದು ಅಡಿಕೆ, ಗುಟ್ಕಾ ಅಗಿದು ಒಳಚರ್ಮ ಬಿಗಿದ ರೋಗ ಇರಬಹುದು. ಬಿಸಿ ಶಾಖಕ್ಕೆ ಅದು ಬಗ್ಗುವುದಿಲ್ಲ. ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ, ತಂಬಾಕು ಸೇರಿಸದಿದ್ದರೂ. ನಮ್ಮ ಮನೆ ನಡೆದದ್ದೂ ಅಡಿಕೆಯಿಂದಲೇ. ಇದನ್ನು ಹೇಳುವಾಗ ಸಂಕಟವಾಗುತ್ತದೆ. ಆದರೆ ಒಂದೇ ಬೆರಳು ತೂರುವ ಬಾಯಿಯ ಹುಡುಗರನ್ನು ಕುರ್ಚಿಯಲ್ಲಿ ಕೂರಿಸಿಕೊಂಡ ಮೇಲೆ ಹೇಳದೆ ಇರಲಾಗುವುದಿಲ್ಲ.

ದವಡೆ ತಟ್ಟನೆ ಸಿಕ್ಕಿಕೊಂಡರೆ, ಊತ-ಜ್ವರ ಬಂದರೆ, ಮುಖ ಮರಗಟ್ಟಿದರೆ ಕಾಯಬೇಡಿ. ನಡೆದಾಗ ದವಡೆ ನೋವು ಬಂದು, ನಿಂತಾಗ ಹೋದರೆ ಮೊದಲು ಹೃದಯ ತೋರಿಸಿ.

ಆರು ವಾರ ಬಿಟ್ಟು ಆ ಅಮ್ಮ ಮತ್ತೆ ಬಂದರು. ಅಡಿಕೆ ಸುಲಿಯುವುದು ಇನ್ನೂ ಮುಗಿದಿರಲಿಲ್ಲ. ನೋವು ಮುಕ್ಕಾಲು ಪಾಲು ಇಳಿದಿತ್ತು. ಮೆಟ್ಟುಗತ್ತಿಯ ಮಣೆಗೆ ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದರಂತೆ. ಅದರ ಮೇಲೆ ಕಣ್ಣು ಬಿದ್ದಾಗೆಲ್ಲ ದವಡೆ ಸಡಿಲ ಬಿಡುವುದು. ಕವಳ ಮಾತ್ರ ಮಧ್ಯಾಹ್ನ ಊಟದ ಮೇಲೆ ಒಂದು ಉಳಿದಿದೆ ಎಂದರು. ಅದನ್ನೂ ಬಿಡಿಸುವ ಮಾತು ಇನ್ನೂ ನಡೆದಿದೆ.