ಸಿಡಿಪಿ ಅಂದರೆ ಏನು? 'ಯೆಲ್ಲೋ ಜೋನ್' ಇದ್ದರೆ ಏನು ಸಿಗುತ್ತದೆ?

ಬೆಂಗಳೂರಿನ ಸುತ್ತ ಸೈಟು ಹುಡುಕಿದವರ ಕಿವಿಗೆ ಈ ಮಾತು ಬಿದ್ದೇ ಇರುತ್ತದೆ. "ಸಾರ್, ಸಿಡಿಪಿಯಲ್ಲಿ ಯೆಲ್ಲೋ ಇದೆ, ಕಣ್ಮುಚ್ಚಿ ತಗೊಳ್ಳಿ." ಹೊಸಕೋಟೆ ಕಡೆ ಹೋದರೂ ಇದೇ, ನೆಲಮಂಗಲದ ಕಡೆ ಹೋದರೂ ಇದೇ, ಆನೇಕಲ್ ಕಡೆಯೂ ಇದೇ. ಅದೊಂದು ಬಣ್ಣದ ನಕ್ಷೆ ಅನ್ನುವುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅದನ್ನು ಯಾರು ಮಾಡಿದ್ದು, ಎಷ್ಟು ವರ್ಷಕ್ಕೆ ಮಾಡಿದ್ದು, ಹಳದಿ ಇದ್ದರೆ ನಮಗೆ ಏನು ಸಿಗುತ್ತದೆ ಅಂತ ಕೇಳುವವರು ಮಾತ್ರ ಕಡಿಮೆ. ಜೀವಮಾನದ ಉಳಿತಾಯ ಹಾಕುವ ಜಾಗದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಇವು.

ಮೊದಲು ಪದ. ಸಿಡಿಪಿ ಎಂದರೆ ಕಾಂಪ್ರೆಹೆನ್ಸಿವ್ ಡೆವಲಪ್‌ಮೆಂಟ್ ಪ್ಲಾನ್, ಸಮಗ್ರ ಅಭಿವೃದ್ಧಿ ಯೋಜನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿಂದ ಬಂದ ಹೆಸರು. ಆ ಕಾಯ್ದೆಯಲ್ಲಿ ಮುಂಚೆ ಎರಡು ಹಂತ ಇತ್ತು. ಮೊದಲು ಊರಿನ ಸ್ಥೂಲ ರೂಪ ಬರೆಯುವ ಒಡಿಪಿ (ಔಟ್‌ಲೈನ್ ಡೆವಲಪ್‌ಮೆಂಟ್ ಪ್ಲಾನ್), ಅದಾದ ಮೇಲೆ ವಿವರವಾಗಿ ಸಿಡಿಪಿ. ಮುಂದೆ ತಿದ್ದುಪಡಿ ಬಂದು ಎರಡೂ ಹೋಗಿ 'ಮಾಸ್ಟರ್ ಪ್ಲಾನ್' ಎಂಬ ಒಂದೇ ಹೆಸರು ಉಳಿಯಿತು, ಸರ್ಕಾರಿ ಕನ್ನಡದಲ್ಲಿ ಮಹಾಯೋಜನೆ. ಕಾಗದದಲ್ಲಿ ಹೆಸರು ಬದಲಾಗಿ ಎಷ್ಟೋ ವರ್ಷವಾಯಿತು, ಜನರ ಬಾಯಲ್ಲಿ ಮಾತ್ರ ಇನ್ನೂ ಸಿಡಿಪಿಯೇ.

ಇದು ಮಾಡುವ ಕೆಲಸ ಏನೆಂದರೆ, ಊರು ಮುಂದಿನ ಹತ್ತಿಪ್ಪತ್ತು ವರ್ಷದಲ್ಲಿ ಎಷ್ಟು ಬೆಳೆಯಬಹುದು ಅಂತ ಅಂದಾಜು ಮಾಡಿ, ಊರಿನ ಮತ್ತು ಅದರ ಸುತ್ತಲ ಹಳ್ಳಿಗಳ ಒಂದೊಂದು ಸರ್ವೆ ನಂಬರಿಗೂ ಇಲ್ಲಿ ಇಂಥದ್ದು ಮಾಡಬಹುದು, ಇಂಥದ್ದು ಮಾಡಬಾರದು ಎಂದು ಮೊದಲೇ ಬರೆದಿಡುವುದು. ಹಳದಿ ಅಂದರೆ ವಾಸದ ಮನೆ. ನೀಲಿ ಅಂದರೆ ಅಂಗಡಿ, ಕಚೇರಿ. ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಬಳಕೆಗೆ, ಹಸಿರು ಪಾರ್ಕಿಗೆ ಮತ್ತು ಬೇಸಾಯಕ್ಕೆ. ಮುಂದೆ ಬರಬೇಕಾದ ರಸ್ತೆಗಳ ಗೆರೆಯೂ ಇದರಲ್ಲೇ ಇರುತ್ತದೆ. ನಕ್ಷೆಯ ಜೊತೆಗೆ ಒಂದು ನಿಯಮಗಳ ಪುಸ್ತಕ ಇರುತ್ತದೆ. ಎಷ್ಟು ಅಗಲದ ರಸ್ತೆಗೆ ಎಷ್ಟು ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು, ಮಳೆನೀರು ಹರಿಯುವ ರಾಜಕಾಲುವೆಯಿಂದ ಎಷ್ಟು ದೂರ ಇರಬೇಕು ಎಲ್ಲ ಅದರಲ್ಲಿ. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ (ಅಂದರೆ 2015ನೇ ಇಸವಿಯವರೆಗಿನ ಬೆಳವಣಿಗೆಗೆಂದು ಮಾಡಿದ್ದು) ಕೆರೆಗೆ 30 ಮೀಟರ್, ದೊಡ್ಡ ಕಾಲುವೆಗೆ ಅದರ ಮಧ್ಯದಿಂದ 50 ಮೀಟರ್ ಬಿಡಬೇಕು ಎಂದಿತ್ತು. ಜನ ನಕ್ಷೆ ನೋಡುತ್ತಾರೆ, ಪುಸ್ತಕ ತೆಗೆಯುವುದೇ ಇಲ್ಲ.

ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. 'ಪ್ಲಾನ್' ಅಂದ ಕೂಡಲೇ ನಮಗೆ ಮನೆಯ ಪ್ಲಾನ್ ನೆನಪಾಗುತ್ತದೆ, ಅದರಲ್ಲಿ ಬರೆದಿದ್ದನ್ನು ಮೇಸ್ತ್ರಿ ಕಟ್ಟಿಯೇ ಕಟ್ಟುತ್ತಾನೆ. ಸಿಡಿಪಿ ಹಾಗಲ್ಲ. ಜಮೀನಿಗೆ ಹಳದಿ ಬಳಿದರೆ ಅಲ್ಲಿ ಮನೆ ಕಟ್ಟಲು ಅಡ್ಡಿಯಿಲ್ಲ ಎಂದು ಅರ್ಥ. ನೀರು ಬರುತ್ತದೆ, ಒಳಚರಂಡಿ ಬರುತ್ತದೆ, ಬಸ್ಸು ಬರುತ್ತದೆ ಎಂದು ಅದರಲ್ಲಿ ಎಲ್ಲೂ ಮಾತು ಕೊಟ್ಟಿಲ್ಲ. ಅದೆಲ್ಲ ಬೇರೆ ಇಲಾಖೆ, ಬೇರೆ ದುಡ್ಡು, ಬೇರೆ ವರ್ಷ.

ಬೆಂಗಳೂರಲ್ಲಿ ಈ 'ಬೇರೆ ವರ್ಷ' ಎಷ್ಟು ದೂರದ್ದು ಅಂತ ನೋಡಿ. 2007ರಲ್ಲಿ ಎರಡು ಕೆಲಸ ಆಯಿತು. 2015ರ ಮಹಾಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು, ಮತ್ತು ಸುತ್ತಲಿನ ನಗರಸಭೆಗಳ ಜೊತೆ 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆಂದು ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ನಡುವೆ ಹುಟ್ಟಿದ ಮಗು ಪಿಯುಸಿಗೆ ಬಂದಿರುತ್ತದೆ. ಅಷ್ಟೂ ಕಾಲ ಆ ಭಾಗದ ಎಷ್ಟೋ ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ನಡೆದವು. ನಕ್ಷೆ ಬರೆಯುವ ದಿನವೇ ಪೈಪಿನ ಲೆಕ್ಕವನ್ನೂ ಕೂರಿಸಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಪಾರ್ಕಿನ ಕಥೆ ಇನ್ನೂ ಬೇಸರದ್ದು. ಖಾಸಗಿ ಜಮೀನಿನ ಮೇಲೆ ಸಿಡಿಪಿ 'ಪಾರ್ಕ್' ಅಂತ ಬರೆದರೆ, ಐದು ವರ್ಷದೊಳಗೆ ಆ ಜಾಗವನ್ನು ಒಪ್ಪಂದದಿಂದಲೋ ಸ್ವಾಧೀನದಿಂದಲೋ ಪಡೆಯುವ ಕೆಲಸ ಶುರುವಾಗಬೇಕು. ಇಲ್ಲದಿದ್ದರೆ ಆ ಗುರುತು ಬಿದ್ದುಹೋಗುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ಜಮೀನಿನ ಯಜಮಾನರ ದೃಷ್ಟಿಯಿಂದ ಇದು ನ್ಯಾಯವೇ, ದುಡ್ಡೂ ಕೊಡದೆ ಬಳಸಲೂ ಬಿಡದೆ ವರ್ಷಗಟ್ಟಲೆ ಕೂರಿಸಿದರೆ ಅವರೇನು ಮಾಡಬೇಕು? ಆದರೆ ಸ್ವಾಧೀನಕ್ಕೆ ಹಣ ಇಡದೆ ಸುಮ್ನೆ ಹಸಿರು ಬಳಿದರೆ, ಐದು ವರ್ಷ ಕಳೆದ ಮೇಲೆ ಪಕ್ಕದ ಬಡಾವಣೆಯ ಮಕ್ಕಳಿಗೆ ಆ ಪಾರ್ಕ್ ಹಾಳೆಯ ಮೇಲೆ ಕೂಡ ಇರುವುದಿಲ್ಲ.

ಈಗ ಹೊರವಲಯಕ್ಕೆ ಬನ್ನಿ. ಊರು ಬೆಳೆಯುವುದು ಅಂಚಿನಲ್ಲಿ, ಹಾಗಾಗಿ ನಕ್ಷೆಯ ನಿಜವಾದ ಪರೀಕ್ಷೆ ಅಲ್ಲೇ. ಹಳೆಯ ಸಿಡಿಪಿಗಳಲ್ಲಿ ಬೆಂಗಳೂರಿನ ಸುತ್ತ ಒಂದು ಗ್ರೀನ್ ಬೆಲ್ಟ್ ಬರೆದಿದ್ದರು. ಬೇಸಾಯ ಉಳಿಯಲಿ, ಕೆರೆಗಳಿಗೆ ನೀರು ಹರಿದು ಬರುವ ಜಾಗ ಉಳಿಯಲಿ ಅನ್ನುವ ಒಳ್ಳೆಯ ಉದ್ದೇಶ. ಆದರೆ ರೈತನ ಕಡೆಯಿಂದ ಒಮ್ಮೆ ಯೋಚಿಸಿ. ರಸ್ತೆಯ ಆ ಬದಿಗೆ ಹಳದಿ, ಈ ಬದಿಗೆ ಹಸಿರು. ಆ ಬದಿಯವರು ಎಕರೆ ಮಾರಿ ಮಕ್ಕಳ ಓದು, ಮದುವೆ ಮುಗಿಸಿದರು. ಈ ಬದಿಯವರ ಪಹಣಿಯಲ್ಲಿ ಇನ್ನೂ ರಾಗಿ. ಹಸಿರಿನಲ್ಲೇ ಉಳಿಯಿರಿ ಎಂದು ಹೇಳಿದವರು ಅದಕ್ಕೆ ಪ್ರತಿಯಾಗಿ ಏನನ್ನೂ ಕೊಡಲಿಲ್ಲ. ಕೊನೆಗೆ ಏನಾಯಿತು, ಭೂ ಪರಿವರ್ತನೆ ಇಲ್ಲದೆ, ಲೇಔಟ್ ನಕ್ಷೆಗೆ ಮಂಜೂರಾತಿ ಇಲ್ಲದೆ, ಗುಂಟೆ ಲೆಕ್ಕದಲ್ಲಿ ರೆವಿನ್ಯೂ ಸೈಟುಗಳು ಹುಟ್ಟಿದವು. ಅಲ್ಲಿ ರಸ್ತೆ ಇಪ್ಪತ್ತು ಅಡಿ, ಚರಂಡಿ ಎಲ್ಲಿಗೆ ಹರಿಯಬೇಕು ಅಂತ ಯಾರಿಗೂ ಗೊತ್ತಿಲ್ಲ. ಮಳೆ ಬಂದರೆ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಮನೆಯೊಳಗೇ ಬರುತ್ತದೆ. ರೈತರನ್ನಾಗಲಿ, ಸಾಲ ಮಾಡಿ ಸೈಟು ಕೊಂಡವರನ್ನಾಗಲಿ ಬೈದು ಪ್ರಯೋಜನ ಇಲ್ಲ.

ನಮ್ಮ ಚಿಕ್ಕಮ್ಮನ ಮಗನಿಗೂ ಇದೇ ಆಯಿತು. ಮೂವತ್ತು ನಲವತ್ತರ ಸೈಟು, ಪಂಚಾಯಿತಿಯ 9-11 ಖಾತಾ (ಫಾರಂ 9 ಮತ್ತು 11) ಇತ್ತು, ಮಾರಿದವರು "ಯೆಲ್ಲೋ ಜೋನ್" ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಹಳದಿಯೇ ಇತ್ತು. ಆದರೆ ಆ ಹಳದಿಯ ನಡುವೆ ಮುಂದೆ ಬರಬೇಕಾದ ಎಂಬತ್ತು ಅಡಿ ರಸ್ತೆಯ ಗೆರೆ ಇವನ ಸೈಟಿನ ಮುಕ್ಕಾಲು ಭಾಗವನ್ನು ನುಂಗಿತ್ತು. ಬ್ಯಾಂಕಿನವರು ಸಾಲ ಕೊಡಲಿಲ್ಲ. ಇವತ್ತಿಗೂ ಅಲ್ಲಿ ರಸ್ತೆಯೂ ಇಲ್ಲ, ಮನೆಯೂ ಇಲ್ಲ. ಖಾತಾ ಹೇಳುವುದು ತೆರಿಗೆ ಯಾರ ಹೆಸರಲ್ಲಿ ಅಂತ. ಆ ಮಣ್ಣಿನ ಮೇಲೆ ಏನು ಕಟ್ಟಬಹುದು ಅನ್ನುವುದನ್ನು ಸಿಡಿಪಿಯೇ ಹೇಳಬೇಕು.

ಇನ್ನೊಂದು ತೊಡಕು, ಎಲ್ಲ ಹೊರವಲಯಕ್ಕೂ ಒಂದೇ ಸಿಡಿಪಿ ಇಲ್ಲ. 2015ರ ಮಹಾಯೋಜನೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ್ದು. ವಿಮಾನ ನಿಲ್ದಾಣದ ಸುತ್ತಲಿನದಕ್ಕೆ ಬೇರೆ ಪ್ರಾಧಿಕಾರ, ಹೊಸಕೋಟೆ, ಆನೇಕಲ್, ನೆಲಮಂಗಲ, ಕನಕಪುರ, ಮಾಗಡಿ ಒಂದೊಂದಕ್ಕೂ ಬೇರೆ ಬೇರೆ. ಇವುಗಳ ಮೇಲೆ ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಇದೆ. ಮಳೆ ನೀರಿಗೆ ಈ ಗಡಿ ಗೊತ್ತಿಲ್ಲ, ಅಲ್ವಾ? ಮೇಲಿನ ಹಳ್ಳಿಯ ಕೆರೆ ಕೋಡಿ ಬಿದ್ದರೆ ಕೆಳಗಿನ ಪ್ರಾಧಿಕಾರದ ಬಡಾವಣೆ ಮುಳುಗುತ್ತದೆ.

ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಬೆಂಗಳೂರಿಗೆ 1984ರಲ್ಲಿ ಸಿಡಿಪಿ ಬಂತು, 1995ರಲ್ಲಿ ಪರಿಷ್ಕೃತ ಸಿಡಿಪಿ, 2007ರಲ್ಲಿ 2015ರ ಮಹಾಯೋಜನೆ. ಅದರ ನಂತರದ್ದು 2031ರ ಕರಡು. ಅದು 2017ರ ನವೆಂಬರಿನಲ್ಲಿ ಹೊರಬಂತು, 2020ರಲ್ಲಿ ವಾಪಸ್ ಹೋಯಿತು. ಹಾಗಾಗಿ 2015 ಮುಗಿದ ಮೇಲೂ ವರ್ಷಗಟ್ಟಲೆ ಅದೇ ಹಳೆಯ ನಕ್ಷೆ ಹಿಡಿದು ಊರು ಬೆಳೆಯುತ್ತಾ ಹೋಯಿತು.

ಕೊಳ್ಳುವವರು, ಮಾರುವವರು ಇಬ್ಬರೂ ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಆ ಜಾಗದಲ್ಲೇ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ಆ ನಂಬರ್ ಹಿಡಿದು ಆ ಭಾಗದ ಯೋಜನಾ ಪ್ರಾಧಿಕಾರದಲ್ಲಿ ಭೂ ಬಳಕೆಯ ದೃಢೀಕರಣ ಕೇಳಿ. ದಲ್ಲಾಳಿ ಮೊಬೈಲಿನಲ್ಲಿ ತೋರಿಸುವ ಫೋಟೋ ನಂಬಬೇಡಿ. ಜೊತೆಗೆ ಹಳೆಯ ಗ್ರಾಮ ನಕ್ಷೆ ನೋಡಿ, ಅದರಲ್ಲಿ ಹಳ್ಳ, ಕಾಲುವೆ, ಬಂಡಿದಾರಿ ಎಲ್ಲ ಇರುತ್ತವೆ.

ಇನ್ನು, ಕರಡು ಹೊರಬಂದಾಗ ಜನರಿಗೆ ಆಕ್ಷೇಪಣೆ, ಸಲಹೆ ಕೊಡಲು 60 ದಿನ ಇರುತ್ತದೆ. ಭಾಷಣ ಬರೆಯಬೇಕಾಗಿಲ್ಲ. ಹಳ್ಳಿಯ ಹೆಸರು, ಸರ್ವೆ ನಂಬರ್, ನಕ್ಷೆಯಲ್ಲಿ ಏನಿದೆ, ಏನಾಗಬೇಕು, ಯಾಕೆ, ಇಷ್ಟು ಬರೆದರೆ ಸಾಕು. 2031ರ ಕರಡು ಬಂದಾಗ ನಮ್ಮೂರಿನ ಗುಂಡುತೋಪನ್ನು ತೋಪಾಗಿಯೇ ಉಳಿಸಿ ಎಂದು ನಾನೂ ಒಂದು ಪುಟ ಬರೆದುಕೊಟ್ಟಿದ್ದೆ. ಆ ಕರಡೇ ವಾಪಸ್ ಹೋದ ಮೇಲೆ ನನ್ನ ಪುಟಕ್ಕೂ ಕೆಲಸ ಉಳಿಯಲಿಲ್ಲ. ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ, ಮುಂದಿನ ಕರಡು ಬಂದ ವಾರವೇ ತಾರೀಖು ಬದಲಿಸಿ ಮತ್ತೆ ಕೊಡುತ್ತೇನೆ.