ಇ20 ಪೆಟ್ರೋಲ್ ಹಾಕಿದರೆ ಬೈಕ್ ಆ್ಯವರೇಜ್ ಇಳಿಯುತ್ತದೆಯೇ?

ಪ್ರಶ್ನೆ: ನನ್ನದು 2014ರ ಬೈಕ್. ಮೊದಲು ಲೀಟರಿಗೆ 50 ಕಿ.ಮೀ. ಕೊಡುತ್ತಿತ್ತು, ಈಗ 40 ದಾಟುತ್ತಿಲ್ಲ. ಬೆಳಿಗ್ಗೆ ನಾಲ್ಕೈದು ಕಿಕ್ ಹೊಡೆಯಬೇಕು. ಕಬ್ಬಿನ ಎಥೆನಾಲ್ ಬೆರೆಸಿದ್ದಕ್ಕೇ ಹೀಗಾಗಿದೆ ಅಂತಾರೆ. ನಿಜಾನಾ?
– ಮಹಾಲಿಂಗಪುರದ ಓದುಗರೊಬ್ಬರು

ಉತ್ತರ: ಸ್ವಲ್ಪ ನಿಜ. ಆದರೆ ಹತ್ತು ಕಿ.ಮೀ. ಪೂರ್ತಿ ಎಥೆನಾಲ್ ತಲೆಗೆ ಕಟ್ಟಲು ಬರುವುದಿಲ್ಲ.

ಇ20 ಅಂದರೆ ನೂರು ಲೀಟರ್‌ನಲ್ಲಿ 20 ಲೀಟರ್ ಎಥೆನಾಲ್, 80 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಸಿಗುತ್ತದೆ. ಎಥೆನಾಲ್‌ನಲ್ಲಿ ಸಿಗುವುದು 21 ಮಾತ್ರ. ಕಾರಣ ಸರಳ. ಎಥೆನಾಲ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆಮ್ಲಜನಕವೇ ಇದೆ. ಆಮ್ಲಜನಕ ಉರಿಸುತ್ತದೆ, ತಾನು ಉರಿಯುವುದಿಲ್ಲ. ಟಾಕಿಯಲ್ಲಿ ಸುಮ್ನೆ ಜಾಗ ಹಿಡಿದು ಕೂತಿರುತ್ತದೆ. ಲೆಕ್ಕ ಹಾಕಿದರೆ ಇ20ಯಲ್ಲಿ ಲೀಟರಿಗೆ 6-7% ಶಕ್ತಿ ಕಡಿಮೆ.

ರಸ್ತೆಯಲ್ಲಿ ಅಷ್ಟು ಪೂರ್ತಿ ಇಳಿಯುತ್ತದೆ ಎಂದಿಲ್ಲ. ನೀತಿ ಆಯೋಗದ 2021ರ ವರದಿ ಹಳೆಯ ದ್ವಿಚಕ್ರ ವಾಹನಗಳಿಗೆ 3-4% ನಷ್ಟ ಅಂದಾಜು ಮಾಡಿತ್ತು, ಹಳೆಯ ಕಾರುಗಳಿಗೆ 6-7%. ನಿಮ್ಮ 50 ಆಗ 48ರ ಆಸುಪಾಸಿಗೆ ಬರಬೇಕು. ದೊಡ್ಡ ಲೆಕ್ಕದಂತೆ 7% ಹಿಡಿದರೂ 46 ಚಿಲ್ಲರೆ. 40ಕ್ಕೆ ಬಂದಿದೆ ಅಂದರೆ ಉಳಿದದ್ದಕ್ಕೆ ಏರ್ ಫಿಲ್ಟರ್, ಗಾಳಿ ಕಡಿಮೆಯಾದ ಟೈರ್, ಒಣಗಿದ ಚೈನ್, ಸವೆದ ಕ್ಲಚ್ ಪ್ಲೇಟ್ ನೋಡಬೇಕು. ಹತ್ತು ವರ್ಷ ದಾಟಿದ ಗಾಡಿ, ಅಲ್ವಾ?

ಕಿಕ್ ವಿಷಯ ಬೇರೆ. ಅಲ್ಲಿ ನಿಮ್ಮ ಅನುಮಾನ ಸರಿ ಇರಬಹುದು. 2014ರ ಬೈಕ್ ಅಂದರೆ ಬಹುತೇಕ ಕಾರ್ಬೊರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ. ಅದರಲ್ಲಿ ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಪೆಟ್ರೋಲ್‌ಗೆ ಅಳೆದು ಇಟ್ಟದ್ದು. ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಆದರೆ ಕಾರ್ಬೊರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಹಳೇ ಅಳತೆಯಲ್ಲೇ ಗಾಳಿ ಬೆರೆಸುತ್ತದೆ, ಗಾಳಿ ಜಾಸ್ತಿಯಾಗುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಎಥೆನಾಲ್ ಬೇಗ ಆವಿಯಾಗುವುದೂ ಇಲ್ಲ. ಹಾಗಾಗಿ ಚಳಿಗಾಲದ ಬೆಳಿಗ್ಗೆ ತಕರಾರು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ನೋಡುತ್ತದೆ, ಪೆಟ್ರೋಲ್ ಎಷ್ಟು ಬಿಡಬೇಕೆಂದು ಗಾಡಿಯೇ ಹೊಂದಿಸಿಕೊಳ್ಳುತ್ತದೆ.

ನನ್ನ ಕೇಳಿದರೆ ಆ್ಯವರೇಜ್‌ಗಿಂತ ಜಾಸ್ತಿ ಗಮನ ಕೊಡಬೇಕಾದ್ದು ನೀರಿಗೆ. ಹೋದ ಮಳೆಗಾಲ ನನ್ನ ಹಳೇ ಗಾಡಿ ಎರಡು ತಿಂಗಳು ಹೊರಗೇ ನಿಂತಿತ್ತು. ಆಮೇಲೆ ಏನು ಮಾಡಿದರೂ ಶುರು ಆಗಲಿಲ್ಲ. ಗೋಕಾಕದ ಮಿಸ್ತ್ರಿಯೊಬ್ಬರು ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ, ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಬಿಟ್ಟರು. ಎರಡು ಪದರ ಆಯಿತು. ಮೇಲೆ ಕೇಸರಿ ಛಾಯೆ, ಕೆಳಗೆ ಬೆರಳಗಲ ತಿಳಿ ದ್ರವ. "ಟಾಕ್ಯಾಗ ನೀರ ಕುಂತೈತ್ರಿ" ಎಂದರು.

ಅದು ಬರೀ ನೀರಲ್ಲ. ಎಥೆನಾಲ್‌ಗೆ ನೀರೆಂದರೆ ಪ್ರೀತಿ. ಸ್ವಲ್ಪ ತೇವ ಸೇರಿದರೆ ತನ್ನೊಳಗೇ ಇಟ್ಟುಕೊಳ್ಳುತ್ತದೆ, ಏನೂ ಆಗುವುದಿಲ್ಲ. ಮಿತಿ ಮೀರಿತೋ, ಪೆಟ್ರೋಲನ್ನು ಬಿಟ್ಟು ನೀರಿನ ಜತೆ ತಳಕ್ಕೆ ಇಳಿಯುತ್ತದೆ. ಎಂಜಿನ್‌ಗೆ ಹೋಗುವ ಪೈಪ್ ಇರುವುದೂ ತಳದಲ್ಲೇ.

ಬಾಟಲಿಯಲ್ಲಿ ಪೆಟ್ರೋಲ್‌ಗೆ ನೀರು ಹಾಕಿ, ತಳದ ಪದರ ಹೆಚ್ಚಾಗುವುದನ್ನು ತೋರಿಸುವ ವಿಡಿಯೊಗಳನ್ನು ನೋಡಿ ಜನ ಗಾಬರಿಯಾಗುವುದೂ ಇದಕ್ಕೇ. 80 ಮಿ.ಲೀ. ಇ20ಗೆ 20 ಮಿ.ಲೀ. ನೀರು ಹಾಕಿ ಅಲುಗಾಡಿಸಿದರೆ ತಳದಲ್ಲಿ ಸುಮಾರು 36 ಮಿ.ಲೀ. ನಿಲ್ಲುತ್ತದೆ. ಹೆಚ್ಚಿಗೆ ಬಂದ 16 ಮಿ.ಲೀ. ಎಥೆನಾಲ್. ಬಂಕ್‌ನವರು ನೀರು ಬೆರೆಸಿದ್ದಾರೆ ಎನ್ನಲು ಅದಷ್ಟೇ ಸಾಕ್ಷಿಯಾಗದು. (ಮನೆಯಲ್ಲಿ, ಒಲೆ ಹತ್ತಿರ ಮಾಡಲು ಹೋಗಬೇಡಿ.)

ಕಾರ್ಖಾನೆಯಿಂದಲೇ ನೀರು ಬರುತ್ತದೆ ಎನ್ನುವವರೂ ಇದ್ದಾರೆ. ಬೆಲ್ಲದ ಪೇಟೆಯವರಾದ ನಿಮಗೆ ಕಾಕಂಬಿ ಏನೆಂದು ಹೇಳಬೇಕಿಲ್ಲ. ಸಕ್ಕರೆ ತೆಗೆದ ಮೇಲೆ ಉಳಿದ ಆ ಪಾಕಕ್ಕೆ ಯೀಸ್ಟ್ ಹಾಕಿ ಹುಳಿ ಬರಿಸುತ್ತಾರೆ, ಆಮೇಲೆ ಬಟ್ಟಿ ಇಳಿಸುತ್ತಾರೆ. ಎಷ್ಟು ಸಲ ಇಳಿಸಿದರೂ 4-5% ನೀರು ಬಿಡುವುದೇ ಇಲ್ಲ. ಅದಕ್ಕೆ ಆವಿಯನ್ನು ಜಿಯೋಲೈಟ್ ಎಂಬ ಪುಟ್ಟ ಗುಂಡುಗಳ ಮಧ್ಯೆ ಹಾಯಿಸುತ್ತಾರೆ. ಅವುಗಳ ರಂಧ್ರದಲ್ಲಿ ನೀರಿನ ಕಣ ಹಿಡಿಯುತ್ತದೆ, ಎಥೆನಾಲ್ ಕಣ ದೊಡ್ಡದು, ಹಿಡಿಯುವುದಿಲ್ಲ. ಹೊರಬರುವಾಗ ಅದು 99.5%ಗಿಂತ ಶುದ್ಧ.

ಅಂದಹಾಗೆ ನಿಮ್ಮ ಟಾಕಿಯಲ್ಲಿರುವುದು ನಮ್ಮ ಕಬ್ಬಿನದೇ ಎಂದೂ ಹೇಳಲಾಗದು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ನೇರವಾಗಿ ಎಥೆನಾಲ್ ಮಾಡಲು ಕೇಂದ್ರ ಕಡಿವಾಣ ಹಾಕಿತು, 2024ರ ಆಗಸ್ಟ್‌ನಲ್ಲಿ ತೆಗೆಯಿತು. ಆ ಹಂಗಾಮಿನಲ್ಲಿ ಮೆಕ್ಕೆಜೋಳ ಮುಂದೆ ಬಂತು.

ಇನ್ನು ನಿಮ್ಮ ಬೈಕ್‌ಗೆ ಏನು ಮಾಡಬೇಕು? ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ನಾಬ್ ಬಂದ್ ಮಾಡಿ, ನೆರಳಲ್ಲಿಡಿ. ಟಾಕಿ ಮುಚ್ಚಳದ ರಬ್ಬರ್ ಸರಿ ಕೂರುತ್ತದೆಯೇ ನೋಡಿ, ಮಳೆ ನೀರು ಇಳಿಯುವುದು ಅಲ್ಲಿಂದಲೇ. ಹಳೆಯ ರಬ್ಬರ್ ಭಾಗಗಳು ಎಥೆನಾಲ್‌ಗೆ ಉಬ್ಬುತ್ತವೆ ಇಲ್ಲವೇ ಬಿರುಕು ಬಿಡುತ್ತವೆ. ಹಾಗಾಗಿ ಮುಂದಿನ ಸರ್ವಿಸ್‌ನಲ್ಲಿ ಟಾಕಿಯಿಂದ ಕಾರ್ಬೊರೇಟರ್‌ಗೆ ಬರುವ ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ. ಗೆರೆ ಬಿಟ್ಟಿದ್ದರೆ ಅವತ್ತೇ ಬದಲಿಸಿ.