ಕಲ್ಲು ಕಾಣಲಿ ಅಂತ ಗಿಲಾವ್ ಕೆತ್ತಿಸಬೇಡಿ

ಹುಬ್ಬಳ್ಳಿಯಿಂದ ಗೋವಾಕ್ಕೆ ಹೋಗಿ ಬಂದವರು ಮೊಬೈಲ್‌ನಲ್ಲಿ ಒಂದೇ ಫೋಟೊ ತೋರಿಸುತ್ತಾರೆ. ಹಳೇ ಗೋವಾದ ಬಾಮ್ ಜೀಸಸ್ ಚರ್ಚಿನ ಕೆಂಪು ಕಲ್ಲಿನ ಗೋಡೆ. ‘ಸರ್, ನಮ್ಮ ಅಜ್ಜನ ಕಾಲದ ಮನಿ ಗಿಲಾವ್ ಕೆತ್ತಿಸಿಬಿಡ್ರಿ, ಹಿಂಗ ಕಲ್ಲು ಕಾಣ್ಲಿ.’ ಗಿಲಾವ್ ಅಂದರೆ ಗೋಡೆಗೆ ಹಚ್ಚಿದ ಗಾರೆ. ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಕೆಲಸ. ಈ ಮಾತು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ಊರಿನ ಪೂರ್ವಕ್ಕೆ ಗುಡ್ಡದ ಮೇಲೆ ಇನ್ನೊಂದು ಕಟ್ಟಡವಿದೆ, ಅವರ್ ಲೇಡಿ ಆಫ್ ದ ಮೌಂಟ್ ಚಾಪೆಲ್. ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ. 1510ರಲ್ಲಿ ವಿಜಯಪುರದ ಆದಿಲ್ ಶಾಹಿಗಳಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಕಟ್ಟಿಸಿದ್ದು. ಆಮೇಲೆ ಮತ್ತೆ ಕಟ್ಟಿದ್ದೂ ಇದೆ, 2001ರಲ್ಲಿ ದೊಡ್ಡ ದುರಸ್ತಿಯೂ ಆಯಿತು. ಮೆಟ್ಟಿಲು ಹತ್ತಿ ನಿಂತರೆ ಕೆಳಗೆ ಮಾಂಡವಿ ನದಿ, ಆಚೆ ದಿವಾಡಿ ದ್ವೀಪ. ಗಾಳಿಮಳೆಗೆ ಅಡ್ಡ ಏನೇನೂ ಇಲ್ಲ. ಅಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಅದಕ್ಕೇ ನೋಡಿ, ಅದರ ಗೋಡೆ ಬಿಳಿ. ಸುಣ್ಣದ ಗಾರೆ ಮೈತುಂಬ ಇದೆ.

ಇದು ಅಂದಕ್ಕೆ ಬಳಿದದ್ದಲ್ಲ. ಈ ಎರಡೂ ಕಟ್ಟಡಗಳ ಕೆಂಪು ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು. ಗಣಿಯಿಂದ ತೆಗೆದಾಗ ಕೊಡಲಿಯಲ್ಲೇ ಕಡಿಯಬಹುದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಆದರೆ ನೀರು ಕುಡಿಯುವುದನ್ನು ಬಿಡುವುದಿಲ್ಲ. ಬರೀ ಕಲ್ಲಿನ ಮೇಲೆ ಬೆರಳು ಉಜ್ಜಿ ನೋಡಿ, ತುದಿಗೆ ಕೆಂಪು ಪುಡಿ ಹತ್ತುತ್ತದೆ. ಪ್ರತಿ ಮಳೆಗಾಲ ಅಷ್ಟಷ್ಟೇ ಉದುರುತ್ತದೆ. ಸುಣ್ಣದ ಗಾರೆ ಆ ಹೊಡೆತವನ್ನು ತಾನು ತಿನ್ನುತ್ತದೆ, ಒಳಗೆ ಸೇರಿದ ತೇವವನ್ನು ಹೊರಗೂ ಬಿಡುತ್ತದೆ. ಅದು ಸವೆದರೆ ಮತ್ತೆ ಬಳಿಯಬಹುದು. 1605ರ ಬಾಮ್ ಜೀಸಸ್‌ಗೂ ಗಾರೆ ಇತ್ತು, 1950ರ ದಶಕದಲ್ಲಿ ಕೆತ್ತಿ ತೆಗೆದರು. ನೀವು ಮೆಚ್ಚಿದ ಆ ‘ಪುರಾತನ’ ನೋಟಕ್ಕೆ ಇನ್ನೂ ನೂರು ವರ್ಷ ಆಗಿಲ್ಲ. ಕಲ್ಲು ಸವೆಯುತ್ತಿದೆ ಅಂತ ಅಲ್ಲಿಯವರು ಈಗ ಒದ್ದಾಡುತ್ತಿದ್ದಾರೆ.

‘ಹಂಗಾದ್ರ ಲಕ್ಕುಂಡಿ ಗುಡಿ ಬರೀ ಕಲ್ಲಿನಾಗ ನಿಂತಾವಲ್ರೀ?’ ಅಂತ ಧಾರವಾಡದ ಒಬ್ಬ ಹಿರಿಯರು ಕೇಳಿದರು. ಒಳ್ಳೆ ಪ್ರಶ್ನೆ, ನನಗೆ ಖುಷಿಯಾಯಿತು. ಲಕ್ಕುಂಡಿಯದು ನುಣುಪಾದ ಬಳಪದ ಕಲ್ಲು. ಕಣ ಸಣ್ಣದು, ನೀರು ಅಷ್ಟಾಗಿ ಹೀರುವುದಿಲ್ಲ. ಅವರ ಮನೆಯದು ಮಣ್ಣಲ್ಲಿ ಕೂರಿಸಿದ ಕಾಡುಗಲ್ಲು. ಗಿಲಾವ್ ಹೋದರೆ ಸಂದಿಯ ಮಣ್ಣೇ ಮೊದಲು ತೊಳೆದುಹೋಗುತ್ತದೆ.

ಕೆತ್ತಿದ ಮೇಲೆ ಹೆದರಿ ಸಿಮೆಂಟ್ ಹಚ್ಚಿಸುತ್ತಾರೆ, ಅದು ಇನ್ನೂ ಕೆಡುಕು. ಒಂದೆರಡು ಮಳೆಗಾಲ ಕಳೆದ ಮೇಲೆ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸಪ್ಪಳ ಬರುತ್ತದೆ. ಅಂಚಿನಲ್ಲಿ ಬಿಳಿ ಸವಳು ಎದ್ದಿರುತ್ತದೆ. ತೇವ ಹೊರಗೆ ಬರಲು ದಾರಿ ಇಲ್ಲದೆ ಕಲ್ಲಿನೊಳಗೇ ಕೂತಿರುತ್ತದೆ.

ಎಲ್ಲ ಗೋಡೆಗೂ ಇದೇ ಮದ್ದು ಅಂತ ಹೇಳಲಾರೆ, ಗೋಡೆ ನೋಡದೆ ಹೇಳುವುದು ತಪ್ಪು. ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನು ಕರೆಸಿ. ಮೂಲೆಯಲ್ಲಿ ಒಂದು ಚದರಡಿ ಮಾತ್ರ ಬಿಚ್ಚಿ, ಒಳಗೆ ಯಾವ ಕಲ್ಲು, ಯಾವ ಮಣ್ಣು ನೋಡಿಸಿ. ಹೊಸ ಗಾರೆ ಹಚ್ಚುವುದಾದರೆ ಮಳೆ ನಿಂತ ಮೇಲೆ ಹಚ್ಚಿ. ಏಪ್ರಿಲ್ ಬಿಸಿಲಿನಲ್ಲಿ ಬೇಡ, ಬೇಗ ಒಣಗಿ ಬಿರಿಯುತ್ತದೆ. ಕೆಲವು ದಿನ ಒದ್ದೆ ಗೋಣಿಚೀಲ ಹೊದಿಸಿಟ್ಟು ನಿಧಾನವಾಗಿ ಒಣಗಲು ಬಿಡಿ.